ಬಳ್ಳಾರಿಯ ಬಿಸಿಲಿನಲ್ಲಿ ಹಳೆಯ ಜಿಪ್ಸಿಗೆ 1.6 ಇಂಜಿನ್: ಹಾಕಿಸಿ ತೆಗೆಸಿದವನ ಉತ್ತರ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನೀವು 1998ರ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಹಳೆಯ ಸಾಧನ) ಇರುವ ಮಾರುತಿ ಜಿಪ್ಸಿ ಕಿಂಗ್ ಜೀಪೊಂದನ್ನು ಕೊಂಡಿದ್ದೀರಿ. ಹಿಂದಿನ ಮಾಲೀಕರು ಅದಕ್ಕೆ 235/75 ಅಳತೆಯ ದಪ್ಪ ಟೈರುಗಳನ್ನೂ ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಒಂದು ಕೋನ್ ಫಿಲ್ಟರನ್ನೂ ಹಾಕಿಸಿದ್ದಾರೆ. ಏರಿನಲ್ಲಿ ಗಾಡಿ ಎಳೆಯುವುದಿಲ್ಲ ಎಂಬುದು ನಿಮ್ಮ ದೂರು. ಗೆಳೆಯರಲ್ಲಿ ಒಬ್ಬರು ಹಳೆಯ ಬಲೆನೊ ಸೆಡಾನಿನ 1.6 ಲೀಟರ್ ಇಂಜಿನ್ ಕೂರಿಸಿ ಎನ್ನುತ್ತಾರೆ, ಇನ್ನೊಬ್ಬರು ಸ್ವಿಫ್ಟ್ ಡೀಸೆಲ್ ಇಂಜಿನ್ನೇ ಸರಿ ಎನ್ನುತ್ತಾರೆ, ಮೂರನೆಯವರು ಇದ್ದ ಇಂಜಿನ್ನಿನ ಸಿಲಿಂಡರುಗಳನ್ನೇ ಕೊರೆಸಿ ಬೋರ್ ಮಾಡಿಸಿದರೆ ಪವರ್ ಹೆಚ್ಚುತ್ತದೆ ಎನ್ನುತ್ತಾರೆ. ಈ ಮೂವರಲ್ಲಿ ಯಾರ ಮಾತು ಕೇಳಬೇಕು ಎಂದು ಕೇಳಿದ್ದೀರಿ.

ಸದ್ಯಕ್ಕೆ ಮೂವರ ಮಾತನ್ನೂ ಬದಿಗಿಡಿ ಎಂಬುದೇ ನನ್ನ ಉತ್ತರ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೆ ಗಣಿಗಳಲ್ಲಿ ಓಡುತ್ತಿದ್ದ ಎಷ್ಟೋ ಜೀಪುಗಳು ಕೆಲಸವಿಲ್ಲದೆ ಮಾರಾಟಕ್ಕೆ ಬಂದವು. ಅಂಥವುಗಳಲ್ಲಿ 1997ರ ಒಂದು ಜಿಪ್ಸಿಯನ್ನು ನಾನು ಕೊಂಡೆ, 2013ರಲ್ಲಿ ಅದಕ್ಕೆ ಬಲೆನೊ ಇಂಜಿನ್ ಹಾಕಿಸಿದೆ, 2017ರಲ್ಲಿ ತೆಗೆಸಿದೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಹೆಚ್ಚಿನದು ನನ್ನ ಕೈಯಿಂದ ದುಡ್ಡು ಹೋದ ಮೇಲೆ ತಿಳಿದದ್ದು.

ಮೊದಲು ಟೈರಿನ ಲೆಕ್ಕ ನೋಡಿ. ನನ್ನ ಗಾಡಿಯ ಮೂಲ ಟೈರು 205/70 ಆರ್15. ಅದರ ಹೊರವ್ಯಾಸ ಸುಮಾರು 668 ಮಿಲಿಮೀಟರ್. ನಿಮ್ಮದರಲ್ಲಿ ಈಗಿರುವ 235/75 ಆರ್15 ಟೈರಿನದು ಸುಮಾರು 733. ಚಕ್ರ ಹತ್ತು ಪ್ರತಿಶತದಷ್ಟು ದೊಡ್ಡದಾದರೆ ಪ್ರತಿ ಗೇರಿನಲ್ಲೂ ನೆಲಕ್ಕೆ ಸಿಗುವ ಎಳೆತ ಒಂಬತ್ತು ಪ್ರತಿಶತದಷ್ಟು ಕಡಿಮೆಯಾಗುತ್ತದೆ, ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಇದರ ಮೇಲೆ ನಮ್ಮ ಊರಿನ ಬಿಸಿಲು ಬೇರೆ. 20 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ಸುಮಾರು ಏಳು ಪ್ರತಿಶತ ತೆಳು. ಇಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ತೂಕ ಅಷ್ಟು ಇಳಿದರೆ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಾರ್ಬುರೇಟರ್ ಜಿಪ್ಸಿ ಕಿಂಗ್ ಕಾರ್ಖಾನೆಯಿಂದ ಬಂದದ್ದೇ 60 ಬಿಎಚ್‌ಪಿಯೊಂದಿಗೆ. ಈ ಎರಡೂ ನಷ್ಟಗಳನ್ನು ಸೇರಿಸಿದರೆ, ಏಪ್ರಿಲ್ ಮಧ್ಯಾಹ್ನ ನಿಮ್ಮ ಕಾಲಡಿಯಲ್ಲಿರುವುದು 51 ಬಿಎಚ್‌ಪಿಯ ಗಾಡಿಯಂತೆ ನಡೆಯುತ್ತದೆ, ಇಂಜಿನ್ನಿನ ಸವಕಳಿಯನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಬಿಸಿಲನ್ನು ನೀವು ಬದಲಾಯಿಸಲಾರಿರಿ, ಟೈರನ್ನು ಬದಲಾಯಿಸಬಹುದು. ದಪ್ಪ ಟೈರು ನೋಡಲು ಚೆಂದ ಎಂಬುದನ್ನು ನಾನೂ ಒಪ್ಪುತ್ತೇನೆ.

ಇನ್ನು ಕೋನ್ ಫಿಲ್ಟರ್. ಬೇರೆ ಊರಿನವರು ಇದರ ಬಗ್ಗೆ ಏನೇ ಹೇಳಲಿ, ತೋರಣಗಲ್ಲು, ಸಂಡೂರು, ದೋಣಿಮಲೆಗಳ ರಸ್ತೆಯಲ್ಲಿ ಓಡುವ ಗಾಡಿಗೆ ಇದಕ್ಕಿಂತ ಕೆಟ್ಟ ಮಾರ್ಪಾಡು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರ್ಖಾನೆಯವರು ಫಿಲ್ಟರನ್ನು ಡಬ್ಬಿಯೊಳಗೆ ಮುಚ್ಚಿಟ್ಟು ಅದಕ್ಕೆ ಹೊರಗಿನ ಗಾಳಿಯನ್ನು ಕೊಳವೆಯಿಂದ ತಂದಿರುತ್ತಾರೆ. ಕೋನ್ ಫಿಲ್ಟರು ಬಾನೆಟ್ಟಿನೊಳಗೆ ಬೆತ್ತಲಾಗಿ ಕುಳಿತು, ರೇಡಿಯೇಟರನ್ನು ದಾಟಿ ಕಾದು ಬಂದ ಗಾಳಿಯನ್ನೇ ಕುಡಿಯುತ್ತದೆ. ಸದ್ದು ಗಡುಸಾಗುವುದರಿಂದ ಪವರ್ ಹೆಚ್ಚಿತು ಎಂಬ ಭ್ರಮೆ ಹುಟ್ಟುತ್ತದೆ, ಆದರೆ ಕಾದ ಗಾಳಿ ತೆಳುವಾದದ್ದು ಎಂಬುದನ್ನು ಮೇಲೆಯೇ ನೋಡಿದೆವು. ಅದಕ್ಕಿಂತ ದೊಡ್ಡ ಕೇಡು ಧೂಳಿನದು. ಎಣ್ಣೆ ಸವರಿದ ಹತ್ತಿಯ ಫಿಲ್ಟರುಗಳಲ್ಲಿ ಗಾಳಿ ಸರಾಗವಾಗಿ ಸಾಗುತ್ತದೆ ಎಂದು ಹೊಗಳುತ್ತಾರೆ, ಹಾಗೆ ಸಾಗುವ ದಾರಿಯಲ್ಲೇ ಕಾಗದದ ಫಿಲ್ಟರು ತಡೆಯುವ ನುಣ್ಣನೆಯ ಧೂಳೂ ಸಾಗುತ್ತದೆ. ಅದಿರು ಟಿಪ್ಪರುಗಳ ಹಿಂದೆ ಏಳುವ ಕೆಂಪು ಧೂಳು ಗಟ್ಟಿ ಖನಿಜದ ಪುಡಿ, ಸಿಲಿಂಡರಿನ ಗೋಡೆಯ ಮೇಲೆ ಎಣ್ಣೆಯೊಂದಿಗೆ ಸೇರಿದರೆ ಅದು ಸಾಣೆಯ ಪುಡಿಯ ಹಾಗೆಯೇ ರಿಂಗುಗಳನ್ನು ತೇಯುತ್ತದೆ. ನಾನು ಒಂದು ಬೇಸಿಗೆ ಮಾತ್ರ ಅಂಥ ಫಿಲ್ಟರ್ ಇಟ್ಟುಕೊಂಡಿದ್ದೆ, ಬಿಚ್ಚಿ ನೋಡಿದಾಗ ಫಿಲ್ಟರಿನಿಂದಾಚೆಯ ಕೊಳವೆಯೊಳಗೆ ಬೆರಳಾಡಿಸಿದರೆ ಕುಂಕುಮ ಹಚ್ಚಿದಂತೆ ಬೆರಳು ಕೆಂಪಾಯಿತು. ನಿಮ್ಮ ಗಾಡಿಯ ಕೊಳವೆಯಲ್ಲೂ ಇದೇ ಪರೀಕ್ಷೆ ಮಾಡಿ ನೋಡಿ. ಗುಜರಿಯಲ್ಲಾದರೂ ಹುಡುಕಿ ಮೂಲ ಡಬ್ಬಿಯನ್ನೇ ತಂದು ಕೂರಿಸಿ, ಕಾಗದದ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸಿ.

ಈಗ ಬಲೆನೊ ಇಂಜಿನ್ನಿನ ವಿಷಯಕ್ಕೆ ಬರುತ್ತೇನೆ. ಅದನ್ನು ಸೂಚಿಸಿದ ಗೆಳೆಯರು ತಿಳಿಯದೆ ಹೇಳಿದ್ದಲ್ಲ. ಎರಡೂ ಸುಜುಕಿಯ ಜಿ ಸರಣಿಯ ಇಂಜಿನ್ನುಗಳು. ನಿಮ್ಮದರ ಬೋರ್ (ಸಿಲಿಂಡರಿನ ಅಗಲ) 74, ಸ್ಟ್ರೋಕ್ (ಪಿಸ್ಟನ್ ಓಡಾಡುವ ಉದ್ದ) 75.5 ಮಿಲಿಮೀಟರ್, ಒಟ್ಟು 1298 ಸಿಸಿ. ಬಲೆನೊದ್ದು 75 ಮತ್ತು 90, ಒಟ್ಟು 1590 ಸಿಸಿ, 94 ಬಿಎಚ್‌ಪಿ. ಅಂದರೆ ಅಗಲ ಬಹುತೇಕ ಅಷ್ಟೇ, ಉದ್ದದಲ್ಲಿ ಮಾತ್ರ ಬೆಳೆದ ತಮ್ಮ. ಸ್ಟ್ರೋಕ್ ಉದ್ದವಾದ್ದರಿಂದ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ, ಏರಿಗೆ ಅದು ಹೇಳಿಮಾಡಿಸಿದ ಗುಣ, ಗೇರ್‌ಬಾಕ್ಸಿಗೆ ಜೋಡಿಸುವುದೂ ಹೊಸ ಅಡಾಪ್ಟರ್ ಬೇಡುವಷ್ಟು ಕಷ್ಟವಲ್ಲ. ಕಷ್ಟ ಶುರುವಾಗುವುದು ಉಳಿದ ಕಡೆ. ಬಲೆನೊದಲ್ಲಿ ಈ ಇಂಜಿನ್ ಅಡ್ಡಲಾಗಿ ಕೂತಿತ್ತು, ಜಿಪ್ಸಿಯಲ್ಲಿ ಉದ್ದಕ್ಕೆ ಕೂರಬೇಕು. ಅದರ ಎಣ್ಣೆಯ ಸಂಪು ಜಿಪ್ಸಿಯ ಮುಂದಿನ ಆಕ್ಸಲ್ಲಿಗೆ ತಾಗುವುದರಿಂದ ಜಿಪ್ಸಿಯ ಸಂಪನ್ನೂ ಎಣ್ಣೆ ಹೀರುವ ಕೊಳವೆಯನ್ನೂ ಹಾಕಬೇಕಾಯಿತು. ಬ್ಲಾಕು ಎತ್ತರವಾದ್ದರಿಂದ ಬಾನೆಟ್ ಮುಚ್ಚಲು ಮೌಂಟುಗಳನ್ನು ಇಳಿಸಬೇಕಾಯಿತು. ಇಂಜಿನ್ನಿನ ಹಿಂಬದಿಗೂ ಫೈರ್‌ವಾಲಿಗೂ ನಡುವೆ ಕೈ ಹಾಕಲು ಜಾಗವೇ ಉಳಿಯಲಿಲ್ಲ. ಕಾರ್ಬುರೇಟರಿಗೆ ಸಾಕಾಗುತ್ತಿದ್ದ ಕಡಿಮೆ ಒತ್ತಡದ ಪಂಪು ಬಲೆನೊದ ಇಂಜೆಕ್ಷನ್ನಿಗೆ, ಅಂದರೆ ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ವ್ಯವಸ್ಥೆಗೆ, ಸಾಲದ ಕಾರಣ ಟ್ಯಾಂಕಿನಲ್ಲಿ ಹೊಸ ಪಂಪು, ಮರಳಿ ಬರುವ ಪೈಪು, ಇಂಧನವನ್ನು ನಿಯಂತ್ರಿಸುವ ಇಸಿಯು ಎಂಬ ಕಂಪ್ಯೂಟರು, ಅದರ ವೈರಿಂಗು, ಒಂದೊಂದು ಸೆನ್ಸರು, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಇಂಜಿನ್ನಿಗೆ ಕೊಟ್ಟ ಹಣಕ್ಕಿಂತ ಅದರ ಸುತ್ತಮುತ್ತಲಿನದಕ್ಕೆ ಕೊಟ್ಟದ್ದೇ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೆ ಸಂಡೂರಿನಿಂದ ಕುಮಾರಸ್ವಾಮಿ ದೇವಸ್ಥಾನದ ಕಡೆಗೆ ಏರುವ ರಸ್ತೆಯಲ್ಲಿ ಮೊದಲ ಸಲ ಓಡಿಸಿದಾಗ, ಎರಡನೇ ಗೇರಿನಲ್ಲಿ ಉಸಿರು ಬಿಡುತ್ತಿದ್ದ ಗಾಡಿ ಮೂರನೆಯದರಲ್ಲಿ ಸಲೀಸಾಗಿ ಏರಿತು, ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೇ ತಿಂಗಳಲ್ಲಿ ಅದೇ ಏರಿನ ಅರ್ಧದಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಮುಟ್ಟಿತು. ಸುಡುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ನೀರಿನ ಮೂಲಕವೇ ಹೊರಗೆ ಹೋಗಬೇಕು. 60 ಬಿಎಚ್‌ಪಿಗೆಂದು ಮಾಡಿದ ರೇಡಿಯೇಟರಿನಿಂದ 94 ಬಿಎಚ್‌ಪಿಯ ಶಾಖವನ್ನು ಹೊರಹಾಕಿಸಲು ಹೊರಟಿದ್ದೆವು. ಜೊತೆಗೆ, ಗ್ಯಾರೇಜಿನವರು ಇಂಜಿನ್ನಿನಿಂದಲೇ ತಿರುಗುತ್ತಿದ್ದ ಫ್ಯಾನನ್ನು ತೆಗೆದು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ದರು. ನಿಧಾನವಾಗಿ ಏರುವಾಗ ಎದುರುಗಾಳಿ ಇರುವುದಿಲ್ಲ, ಎಲ್ಲವೂ ಆ ಫ್ಯಾನಿನ ಮೇಲೆಯೇ ನಿಂತಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ಡಿನ ಮುಖವನ್ನು ಲೇತಿನವರ ಹತ್ತಿರ ಸಮ ಮಾಡಿಸಿದ್ದಾಯಿತು, ದೊಡ್ಡ ರೇಡಿಯೇಟರ್ ಬಂತು. ಬ್ರೇಕುಗಳು ಮಾತ್ರ ಹಳೆಯವೇ ಇದ್ದವು. ಇಳಿಜಾರಿನಲ್ಲಿ ಒಮ್ಮೆ ಅದೂ ನೆನಪಾಯಿತು.

ಡೀಸೆಲ್ ಗೆಳೆಯರ ಮಾತಿಗೆ ಹೆಚ್ಚು ಹೊತ್ತು ಬೇಡ. ಆ 1248 ಸಿಸಿಯ ಇಂಜಿನ್ 75 ಬಿಎಚ್‌ಪಿಯೊಂದಿಗೆ 190 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಇಂಜೆಕ್ಷನ್ ಇದ್ದ ಜಿಪ್ಸಿಯ ಪೆಟ್ರೋಲ್ ಇಂಜಿನ್ನೇ ಕೊಡುತ್ತಿದ್ದದ್ದು 103. ಅಷ್ಟು ವ್ಯತ್ಯಾಸವನ್ನು ಹಳೆಯ ಗೇರ್‌ಬಾಕ್ಸು, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸುಗಳ ಮೇಲೆ ಹೇರಿದರೆ ಹಲ್ಲುಗಳು ಎಷ್ಟು ದಿನ ಉಳಿದಾವು? ಡೀಸೆಲ್ಲು ಪೆಟ್ರೋಲಿನಷ್ಟು ಆರ್‌ಪಿಎಂ ಏರದ ಕಾರಣ, ಜಿಪ್ಸಿಯ ಗೇರುಗಳಲ್ಲಿ ಹೆದ್ದಾರಿಯ ವೇಗವೂ ಇಳಿಯುತ್ತದೆ.

ಕಾನೂನಿನ ಮಾತನ್ನು ನಾನು ಕೊನೆಗೆ ಕಲಿತೆ, ನೀವು ಮೊದಲೇ ತಿಳಿದುಕೊಳ್ಳಿ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಾನು 2012ರಲ್ಲಿ ನವೀಕರಿಸಿ, ಮರುವರ್ಷ ಯಾರನ್ನೂ ಕೇಳದೆ ಇಂಜಿನ್ ಬದಲಾಯಿಸಿದ್ದೆ. 2017ರ ತಪಾಸಣೆಯಲ್ಲಿ ಇನ್‌ಸ್ಪೆಕ್ಟರು ಟಾರ್ಚ್ ಹಿಡಿದು ಬ್ಲಾಕಿನ ಮೇಲಿನ ನಂಬರನ್ನು ಓದಿ, ಆರ್‌ಸಿಯನ್ನು (ನೋಂದಣಿ ಪತ್ರವನ್ನು) ನವೀಕರಿಸದೆ ನನ್ನ ಕೈಗೇ ವಾಪಸು ಕೊಟ್ಟರು. ಅವರದು ಏನೂ ತಪ್ಪಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ಹೊಂದಿಕೆಯಾಗದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಸಿಎನ್‌ಜಿ, ಬ್ಯಾಟರಿಯಂಥವಕ್ಕೆ ಕಾಯ್ದೆ ಬಿಟ್ಟಿರುವ ದಾರಿ ಒಪ್ಪಿಗೆ ಪಡೆದ ಕಿಟ್ಟುಗಳಿಗೆ ಸೇರಿದ್ದು, ಗುಜರಿಯಿಂದ ತಂದ ಡೀಸೆಲ್ ಇಂಜಿನ್ನಿಗೆ ಸೇರಿದ್ದಲ್ಲ. ವಿಮೆಯವರಿಗೆ ತಿಳಿಸದೆ ಇಂಜಿನ್ ಬದಲಿಸಿದರೆ ಅಪಘಾತದ ದಿನ ಅವರು ಕೈ ಎತ್ತುವುದಕ್ಕೂ ಅದೇ ಕಾರಣ ಸಾಕು. ನಿಮ್ಮ ಗಾಡಿಯ ಮುಂದಿನ ನವೀಕರಣ 2028ಕ್ಕೆ ಬರುತ್ತದೆ. 1.6 ಬೇಕೇ ಬೇಕು ಎಂದಾದರೆ, ಇಂಜಿನ್ ಕೊಳ್ಳುವ ಮೊದಲು ಸಾರಿಗೆ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರವನ್ನೇ ಪಡೆಯಿರಿ. ಉತ್ತರ ಇಲ್ಲ ಎಂದು ಬಂದರೆ ಮಾತು ಅಲ್ಲಿಗೆ ಮುಗಿಯಿತು.

ಮೂರನೆಯ ಗೆಳೆಯರು ಹೇಳಿದ ಕೆಲಸ ಸರಿ, ಕೊಟ್ಟ ಕಾರಣ ಸರಿಯಿಲ್ಲ. 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿ ಬೋರ್ ಮಾಡಿಸಿದರೆ ನಿಮ್ಮ 1298 ಸಿಸಿ 1316 ಆಗುತ್ತದೆ, ಅಷ್ಟೆ. ಅದರಿಂದ ಹೊಸ ಪವರ್ ಬರುವುದಿಲ್ಲ, ಸವೆದು ಸೋರಿಹೋಗುತ್ತಿದ್ದ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಮರಳಿ ಬರುತ್ತದೆ. ಅದೂ ಬೇಕೋ ಬೇಡವೋ ಎಂಬುದನ್ನು ಇಂಜಿನ್ ಬಿಚ್ಚುವ ಮೊದಲೇ ತಿಳಿಯಬಹುದು. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿಸಿ. ಒತ್ತಡ ಏರಿದರೆ ರಿಂಗು ಸವೆದಿವೆ, ಏರದಿದ್ದರೆ ವಾಲ್ವುಗಳನ್ನು ನೋಡಬೇಕು. ವಾಲ್ವಿನ ದೋಷವಿದ್ದರೆ ಹೆಡ್ ಕೆಲಸದಲ್ಲೇ ಮುಗಿಯುತ್ತದೆ, ಬೋರಿನ ಖರ್ಚು ಉಳಿಯುತ್ತದೆ.

ಇನ್ನೊಂದನ್ನು ನಿಮ್ಮ ಗೆಳೆಯರು ಯಾರೂ ಹೇಳಿಲ್ಲ. ಈಗ ಬಂಕುಗಳಲ್ಲಿ ಸಿಗುವುದು ಇಪ್ಪತ್ತು ಪ್ರತಿಶತ ಇಥೆನಾಲ್ ಬೆರೆತ ಪೆಟ್ರೋಲು. ಇಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದು ಸುಡಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಹಾಗಾಗಿ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಇಂಜೆಕ್ಷನ್ ಗಾಡಿಯ ಇಸಿಯು ಇದನ್ನು ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಜೆಟ್ಟಿನ ತೂತು ಇದ್ದಷ್ಟೇ ಇರುತ್ತದೆ, ಆದ್ದರಿಂದ ಮಿಶ್ರಣ ತೆಳುವಾಗಿ, ಗಾಡಿ ಎಳೆಯದೆ, ಇಂಜಿನ್ ಹೆಚ್ಚು ಕಾಯುತ್ತದೆ. ನನ್ನ ಗಾಡಿಗೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿ, ಇಥೆನಾಲಿಗೆ ಹಿಗ್ಗುವ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ ಮೇಲೆ ಏರಿನ ತಡಬಡಿಕೆ ನಿಂತಿತು.

2017ರಲ್ಲಿ 1.6 ತೆಗೆಸಿದ ಮೇಲೆ ನನ್ನ ಗಾಡಿಗೆ ಮತ್ತೆ ಕೂರಿಸಿದ್ದು ಗೋಣಿಚೀಲದಡಿ ನಾಲ್ಕು ವರ್ಷ ಮಲಗಿದ್ದ ಹಳೆಯ 1298 ಸಿಸಿ ಇಂಜಿನ್ನೇ. ಹೆಡ್ ಕೆಲಸ ಮಾಡಿಸಿ, ಮೂಲ ಅಳತೆಯ ಟೈರು ಹಾಕಿಸಿ, 1.6ಕ್ಕೆಂದು ತಂದಿದ್ದ ದೊಡ್ಡ ರೇಡಿಯೇಟರನ್ನು ಹಾಗೆಯೇ ಉಳಿಸಿಕೊಂಡೆ. ಕುಮಾರಸ್ವಾಮಿಯ ಏರನ್ನು ಈಗ ಎರಡನೇ ಗೇರಿನಲ್ಲೇ ಏರುತ್ತೇನೆ, ಮೇ ತಿಂಗಳಲ್ಲೂ ಮುಳ್ಳು ನಡುವೆಯೇ ನಿಂತಿರುತ್ತದೆ. ನೀವು ಟೈರು, ಫಿಲ್ಟರ್ ಬದಲಿಸಿ ಕಂಪ್ರೆಷನ್ ಅಳೆಯಿಸಿದ ಮೇಲೆ ನಾಲ್ಕೂ ಅಂಕಿಗಳನ್ನು ಇಲ್ಲಿಯೇ ಬರೆಯಿರಿ, ಹೆಡ್ ಬಿಚ್ಚಬೇಕೇ ಬೋರ್ ಮಾಡಿಸಬೇಕೇ ಎಂಬುದನ್ನು ಅವನ್ನು ನೋಡಿ ಹೇಳುತ್ತೇನೆ.