ಹಾಲು ಉಕ್ಕಿದ ಬೆಳಿಗ್ಗೆ ದೇವರು ಎಲ್ಲಿದ್ದರು?

ಉಡುಪಿ ಜಿಲ್ಲೆಯ ಶಿರ್ವದ ಕಡೆಯ ಸಹೋದರಿಯೊಬ್ಬರು ಬರೆದ ಪತ್ರದ ಸಾರ ಇದು: ‘ಅತ್ತೆ ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಪತಿ ಲಾರಿ ಚಾಲಕರು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆಯ ಆರೈಕೆ, ಅಡುಗೆ, ಮಕ್ಕಳ ಶಾಲೆ ಮುಗಿಸಿ ಬೀಡಿ ಕಟ್ಟಲು ಕೂರುತ್ತೇನೆ. ಎಷ್ಟೋ ಭಾನುವಾರ ಚರ್ಚಿನ ಬಲಿಪೂಜೆ ತಪ್ಪುತ್ತದೆ. ಧ್ಯಾನಕೂಟದಲ್ಲಿ ಎಲ್ಲರೂ ದೇವರು ತಮ್ಮೊಡನೆ ಮಾತಾಡಿದರೆಂದು ಸಾಕ್ಷಿ ಹೇಳುತ್ತಾರೆ; ನನಗೆ ಹೇಳಲು ಏನೂ ಇಲ್ಲ. ಪ್ಯಾರಿಸಿನ ಸನ್ಯಾಸಿಯೊಬ್ಬರು ಅಡುಗೆಮನೆಯಲ್ಲೇ ದೇವರನ್ನು ಕಂಡರೆಂದು ಬೋಧಕರು ಹೇಳಿದ್ದರಿಂದ ನಾನೂ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತೆ. ಹಾಲು ಉಕ್ಕಿ ಹೋಯಿತು. ದೇವರು ನನ್ನೊಡನೆ ಇಲ್ಲವೇ, ಅಥವಾ ನನಗೆ ತಿಳಿಯುತ್ತಿಲ್ಲವೇ?’

ಪ್ರಿಯ ಸಹೋದರಿ,

ಉಕ್ಕಿದ ಹಾಲಿನಿಂದಲೇ ಆರಂಭಿಸುತ್ತೇನೆ. ಬೋಧಕರು ಹೇಳಿದ ಆ ಸನ್ಯಾಸಿ 17ನೇ ಶತಮಾನದ, ಕಾರ್ಮೆಲ್ ಎಂಬ ಸನ್ಯಾಸಿ ಸಭೆಯ ಬ್ರದರ್ ಲಾರೆನ್ಸ್ ಆಗಿರಬೇಕು. ಅವರ ಕಥೆಯನ್ನು ಪ್ರಸಂಗಗಳಲ್ಲಿ ಹೇಳುವಾಗ ಸಾಮಾನ್ಯವಾಗಿ ಅರ್ಧವನ್ನಷ್ಟೇ ಹೇಳುತ್ತಾರೆ. ಅವರು ಮೊದಲು ಸೈನಿಕರಾಗಿದ್ದು, ಯುದ್ಧದಲ್ಲಿ ಗಾಯಗೊಂಡು ಕುಂಟುತ್ತಿದ್ದವರು. ಮಠದ ಅಡುಗೆ ಕೆಲಸವೆಂದರೆ ಅವರಿಗೆ ಸ್ವಭಾವತಃ ಬೇಸರ. ಪಾತ್ರೆಗಳ ಸದ್ದಿನ ನಡುವೆಯೂ ದೇವರೊಡನೆ ಶಾಂತಿಯಿಂದ ಇರಬಲ್ಲೆನೆಂದು ಅವರು ಹೇಳಿದ್ದು ನಿಜ, ಆದರೆ ಸನ್ಯಾಸದ ಮೊದಲ ಹತ್ತು ವರ್ಷ ಬಹಳ ಕಷ್ಟಪಟ್ಟೆನೆಂದು ಒಪ್ಪಿಕೊಂಡವರೂ ಅವರೇ. ಅಲ್ಲದೆ ಅವರು ಕಣ್ಣು ಮುಚ್ಚಿ ನಿಂತವರಲ್ಲ. ಕೆಲಸವನ್ನು ದೇವರ ಪ್ರೀತಿಗಾಗಿ ಮಾಡುವುದೆಂದರೆ ಅವರ ಲೆಕ್ಕದಲ್ಲಿ ಕೆಲಸದ ಮೇಲೆ ಕಣ್ಣಿಡುವುದೇ ಆಗಿತ್ತು. ಹಾಲು ಕಾಯಿಸುವಾಗ ಹಾಲನ್ನು ನೋಡಿರಿ. ಅದರಿಂದ ಪ್ರಾರ್ಥನೆಗೆ ಯಾವ ಕುಂದೂ ಬರುವುದಿಲ್ಲ.

ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ದೇವರ ಸನ್ನಿಧಿ ಆ ಕ್ಷಣದಲ್ಲೇ ಅನುಭವಕ್ಕೆ ಬರಬೇಕೆಂದು ನೀವು ನಿರೀಕ್ಷಿಸುತ್ತಿದ್ದೀರಿ. ಆದರೆ ಪವಿತ್ರ ಗ್ರಂಥದಲ್ಲಿ ಈ ಅರಿವು ಮತ್ತೆ ಮತ್ತೆ ತಡವಾಗಿಯೇ ಬರುತ್ತದೆ. ಆದಿಕಾಂಡದ 28ನೇ ಅಧ್ಯಾಯದಲ್ಲಿ ಅಣ್ಣನಿಗೆ ಹೆದರಿ ಊರು ಬಿಟ್ಟ ಯಾಕೋಬನು ಕಲ್ಲನ್ನು ತಲೆದಿಂಬಾಗಿಸಿ ಮಲಗಿ, ಎದ್ದ ಮೇಲೆ, ಕರ್ತರು ಈ ಸ್ಥಳದಲ್ಲಿದ್ದರೂ ನನಗೆ ಅದು ತಿಳಿಯಲಿಲ್ಲವಲ್ಲ ಎನ್ನುತ್ತಾನೆ. ದೇವರ ಮಹಿಮೆಯನ್ನು ನೋಡಬೇಕೆಂದು ಬೇಡಿದ ಮೋಶೆಗೆ ಕಾಣಿಸಿದ್ದು ದೇವರು ದಾಟಿ ಹೋದ ಮೇಲಿನ ಬೆನ್ನು ಮಾತ್ರ. ಎಮ್ಮಾವುಸಿನ ದಾರಿಯ ಇಬ್ಬರು ಶಿಷ್ಯರಂತೂ ಪುನರುತ್ಥಾನರಾದ ಪ್ರಭುವಿನ ಜೊತೆಗೇ ನಡೆದರು. ಯೆರೂಸಲೇಮಿನಿಂದ ಆ ಹಳ್ಳಿಗೆ ಸುಮಾರು 11 ಕಿಲೋಮೀಟರ್, ಅಂದರೆ ಎರಡು ಮೂರು ಗಂಟೆಯ ನಡಿಗೆ. ಅಷ್ಟು ಹೊತ್ತು ಮಾತಾಡಿದರೂ ಗುರುತು ಹತ್ತಲಿಲ್ಲ. ಪ್ರಭು ರೊಟ್ಟಿ ಮುರಿದಾಗ ಗುರುತಾಯಿತು, ಗುರುತಾದೊಡನೆ ಪ್ರಭು ಕಣ್ಮರೆಯಾದರು. ಆಗಷ್ಟೇ ಆ ಇಬ್ಬರು, ದಾರಿಯಲ್ಲಿ ನಮ್ಮ ಹೃದಯ ಕುದಿಯುತ್ತಿತ್ತಲ್ಲವೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕುದಿತ ದಾರಿಯಲ್ಲೇ ಇತ್ತು, ತಿಳಿದದ್ದು ಊಟದ ಮೇಜಿನಲ್ಲಿ.

ಆದುದರಿಂದ ಬೆಳಿಗ್ಗೆಯ ಗಡಿಬಿಡಿಯಲ್ಲಿ ಏನೂ ಅನಿಸಲಿಲ್ಲವೆಂಬುದು ಅಲ್ಲಿ ಯಾರೂ ಇರಲಿಲ್ಲವೆಂಬುದಕ್ಕೆ ಪುರಾವೆಯಾಗುವುದಿಲ್ಲ. ಅನಿಸಿಕೆಯನ್ನು ಬಲವಂತದಿಂದ ಹುಟ್ಟಿಸಿಕೊಳ್ಳುವುದಕ್ಕಿಂತ ಕಳೆದ ದಿನವನ್ನು ಹಿಂತಿರುಗಿ ನೋಡುವ ಅಭ್ಯಾಸವೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ಯೇಸು ಸಭೆ (ಜೆಸ್ವಿಟ್) ಎಂಬ ಸನ್ಯಾಸಿ ಸಂಘದ ಸ್ಥಾಪಕರಾದ ಸಂತ ಇಗ್ನೇಷಿಯಸರಿಗೆ ಇದು ಹೊಳೆದದ್ದೂ ಹಾಸಿಗೆಯಲ್ಲೇ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದಾಗ, ಅವರು ಒಮ್ಮೆ ವೀರನಾಗಿ ಮೆರೆಯುವ ಕನಸು ಕಾಣುತ್ತಿದ್ದರು, ಇನ್ನೊಮ್ಮೆ ಸಂತರಂತೆ ಬಾಳುವ ಕನಸು ಕಾಣುತ್ತಿದ್ದರು. ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮಾತ್ರ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದರಿಂದಲೇ ಮುಂದೆ ದಿನದ ಆತ್ಮಶೋಧನೆಯ ಪ್ರಾರ್ಥನೆಗೆ ಅವರು ಅಷ್ಟು ಮಹತ್ವ ಕೊಟ್ಟರು. ನಮ್ಮಲ್ಲಿ ಬಹಳ ಮಂದಿ ಅದನ್ನು ಪಾಪಗಳ ಪಟ್ಟಿ ಮಾಡುವ ಕೆಲಸವೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಅದರ ಮೊದಲ ಹೆಜ್ಜೆ ಕೃತಜ್ಞತೆ.

ನಿಮ್ಮ ಮನೆಯಲ್ಲಿ ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಇನ್ನೂ ನಡೆಯುತ್ತಿದೆಯೆಂದು ಬರೆದಿದ್ದೀರಿ. ಅದು ಮುಗಿದ ಮೇಲೆ ಐದು ನಿಮಿಷ ಅಲ್ಲೇ ಕುಳಿತು, ಎದ್ದಾಗಿನಿಂದ ನಡೆದದ್ದನ್ನು ಕ್ರಮವಾಗಿ ನೆನೆಯಿರಿ: ಯಾರು ಬಂದರು, ಏನು ಮಾತಾಯಿತು, ಎಲ್ಲಿ ಸಿಟ್ಟು ಬಂತು, ಎಲ್ಲಿ ಕಾರಣವಿಲ್ಲದೆ ಮನಸ್ಸು ಹಗುರವಾಯಿತು. ನಿದ್ದೆ ಬಂದರೆ ನಿದ್ದೆ ಮಾಡಿರಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಓಡಿ ಬಂದಾಗ ಬಸ್ಸು ಸಿಕ್ಕಿದ್ದನ್ನೆಲ್ಲ ದೇವರ ಸಂಕೇತವೆಂದು ಸಾಕ್ಷಿ ಹೇಳುವವರಿದ್ದಾರೆ. ಅವರ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ, ಆದರೆ ಅದೇ ಬಸ್ಸು ತಪ್ಪಿದವನ ಜೊತೆ ದೇವರು ಇರಲಿಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅನುಕೂಲವನ್ನೇ ಸಾನ್ನಿಧ್ಯವೆಂದು ಎಣಿಸಿದರೆ ನಿಮ್ಮ ಅತ್ತೆಯ ಕೋಣೆಯಲ್ಲಿ ಅದನ್ನು ಹುಡುಕುವುದು ಹೇಗೆ? 2007ರಲ್ಲಿ ಪುಸ್ತಕವಾಗಿ ಬಂದ ಪತ್ರಗಳಿಂದ, ಕೋಲ್ಕತಾದ ಮದರ್ ತೆರೇಸಾ ಹಲವು ದಶಕಗಳ ಕಾಲ ದೇವರು ಇಲ್ಲದಂತಹ ಕತ್ತಲೆಯನ್ನು ಒಳಗೇ ಅನುಭವಿಸಿದ್ದರೆಂದು ತಿಳಿಯಿತು. ಧ್ಯಾನಕೂಟದಲ್ಲಿ ಅವರಿಗೂ ಬಹುಶಃ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಬೀಡಿ ಎಲೆಯ ಗುಣಮಟ್ಟದ ಬಗೆಗಿನ ದೂರಿನ ನಡುವೆ, ಒಂದು ಸಾಲಿದೆ. ಅತ್ತೆಗೆ ಈಗ ನಿಮ್ಮ ಹೆಸರು ನೆನಪಾಗುವುದಿಲ್ಲ, ಆದರೆ ನೀವು ಬೀಡಿ ಕಟ್ಟುವ ಮೊರವನ್ನು ಮಡಿಲಿಗಿಟ್ಟು ಮಂಚದ ಬಳಿ ಕುಳಿತಾಗ ಅವರು ತಾವಾಗಿಯೇ ‘ನಮಾನ್ ಮರಿಯೆ’ ಎಂದು ಮರಿಯಮ್ಮನವರ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ಆರಂಭಿಸುತ್ತಾರೆ, ಅರ್ಧದಲ್ಲಿ ಮರೆತಾಗ ನಿಮ್ಮ ಮುಖ ನೋಡುತ್ತಾರೆ, ಉಳಿದದ್ದನ್ನು ನೀವು ನೂಲು ಸುತ್ತುತ್ತ ಮುಗಿಸುತ್ತೀರಿ. ಇದನ್ನು ಬರೆದು ನೀವು ತಕ್ಷಣ ಎಲೆಯ ವಿಷಯಕ್ಕೆ ಮರಳಿದ್ದೀರಿ. ನಾನು ಆ ಸಾಲಿನಲ್ಲೇ ಬಹಳ ಹೊತ್ತು ನಿಂತೆ. ಇಂದು ರಾತ್ರಿ ನೀವೂ ಅಲ್ಲಿಂದಲೇ ಆರಂಭಿಸಬಹುದು.

ಇನ್ನು ಭಾನುವಾರದ ಬಲಿಪೂಜೆ. ಬಿಟ್ಟು ಹೋಗಲಾಗದ ರೋಗಿಯ ಆರೈಕೆಯಲ್ಲಿರುವವರಿಗೆ, ಭಾನುವಾರ ಬಲಿಪೂಜೆಗೆ ಬರಲೇಬೇಕೆಂಬ ಕಟ್ಟಳೆಯಿಂದ ವಿನಾಯಿತಿಯಿದೆ. ಇದು ಧರ್ಮಸಭೆಯ ಬೋಧನೆಯೇ ಹೊರತು ನನ್ನ ಔದಾರ್ಯವಲ್ಲ, ಆದ್ದರಿಂದ ಪಾಪವೆಂದು ಕೊರಗಬೇಡಿ. ನಮ್ಮ ಕಡೆಯ ಅನೇಕ ಚರ್ಚುಗಳಲ್ಲಿ ತಿಂಗಳ ಮೊದಲ ಶುಕ್ರವಾರ ಗುರುಗಳು ರೋಗಿಗಳ ಮನೆಗೆ ಪರಮಪ್ರಸಾದ (ಬಲಿಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ತರುತ್ತಾರೆ. ಅತ್ತೆಯ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನಿಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರನ್ನು ಕೇಳಿರಿ. ಗುರುಗಳು ಬಂದ ದಿನ ನೀವೂ ಸ್ವೀಕರಿಸಬಹುದೇ ಎಂದು ಮುಂಚಿತವಾಗಿ ಹೇಳಿಕಳುಹಿಸಿದರೆ ಅವರು ಅದಕ್ಕೆ ಸಿದ್ಧರಾಗಿಯೇ ಬರುತ್ತಾರೆ.

– ಸಂಪಾದಕ