ಮಿಡ್‌ವೇ ಮೇಲೆ ಬರ್ಡ್ ಡಾಗ್ ಇಳಿಸುವಾಗ ಡೆಕ್ ಸಾಲದಿದ್ದರೆ

ಸಿಮ್ಯುಲೇಟರ್‌ನಲ್ಲಿ ಬರ್ಡ್ ಡಾಗ್ ಎಂಬ ಪುಟ್ಟ ವಿಮಾನ ಪ್ರತಿಸಲ ಮಿಡ್‌ವೇ ಎಂಬ ವಿಮಾನವಾಹಕ ಹಡಗಿನ ಡೆಕ್ ದಾಟಿ ಸಮುದ್ರಕ್ಕೆ ಬೀಳುತ್ತಿದೆ ಅಂದಿರಿ. ಬಹುಶಃ ಹಡಗು ನಿಧಾನವಾಗಿದೆ, ಇಲ್ಲವೇ ಗಾಳಿಗೆ ಎದುರಾಗಿಲ್ಲ. ನನಗೂ ಹೀಗೇ ಆಗುತ್ತಿತ್ತು.

ಮೊದಲು ಹಡಗನ್ನು ಗಾಳಿಗೆ ಎದುರು ತಿರುಗಿಸಿ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ವೇಗ ಕೊಡಿ. ಗಾಳಿ 15 ನಾಟ್ ಇದ್ದರೆ, 60ರಲ್ಲಿ ಬರುವ ವಿಮಾನ ಡೆಕ್ಕಿನ ಮಟ್ಟಿಗೆ ಬರೀ 20ರಲ್ಲಿ, ಅಂದರೆ ಊರೊಳಗಿನ ಸ್ಕೂಟರ್ ವೇಗದಲ್ಲಿ ಬರುತ್ತದೆ. ಇಳಿಯುವ ವಿಮಾನದ ಕೊಕ್ಕೆ ಹಿಡಿದು ನಿಲ್ಲಿಸಲು ಡೆಕ್ಕಿಗೆ ಅಡ್ಡ ಕಟ್ಟಿರುವ ಅರೆಸ್ಟಿಂಗ್ ವೈರ್‌ಗಳನ್ನು ತೆಗೆಸಿ. ಬರ್ಡ್ ಡಾಗ್‌ಗೆ ಕೊಕ್ಕೆಯಿಲ್ಲ, ಚಕ್ರ ಸಿಕ್ಕಿಕೊಂಡರೆ ಮಗುಚುತ್ತದೆ. 1975ರ ಏಪ್ರಿಲ್‌ನಲ್ಲಿ ಹೆಂಡತಿ, ಐದು ಮಕ್ಕಳನ್ನು ಬರ್ಡ್ ಡಾಗ್‌ನಲ್ಲಿ ಕೂರಿಸಿಕೊಂಡು ತಪ್ಪಿಸಿಕೊಂಡು ಬಂದ ದಕ್ಷಿಣ ವಿಯೆಟ್ನಾಂ ವಾಯುಪಡೆಯ ಮೇಜರ್ ಬುವಾಂಗ್‌ಗಾಗಿ ಮಿಡ್‌ವೇಯ ಕ್ಯಾಪ್ಟನ್ ಲ್ಯಾರಿ ಚೇಂಬರ್ಸ್ ಮಾಡಿಸಿದ್ದೂ ಇದನ್ನೇ. ಜಾಗ ಸಾಲದೆ ಹೆಲಿಕಾಪ್ಟರ್‌ಗಳನ್ನೇ ಸಮುದ್ರಕ್ಕೆ ತಳ್ಳಿಸಿದರು. ಆ ಏಳು ಜೀವ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿಧಾನವಾಗಿ ಹಾರಲು ರೆಕ್ಕೆಯ ಹಿಂದೆ ಇಳಿಬಿಡುವ ಫ್ಲಾಪ್‌ಗಳನ್ನು ಪೂರ್ತಿ ಹಾಕಿ, ಸ್ವಲ್ಪ ಎತ್ತರದಿಂದಲೇ ಬನ್ನಿ. ಹಡಗಿನ ಹಿಂಬದಿಯಲ್ಲಿ ಗಾಳಿ ಕೆಳಕ್ಕೆ ಎಳೆಯುತ್ತದೆ. ನಿಮ್ಮ ಸಿಮ್ಯುಲೇಟರ್‌ನಲ್ಲಿ ಅದು ಇಲ್ಲದಿರಲೂಬಹುದು, ಆದರೂ ಡೆಕ್ಕಿನ ಅಂಚು ದಾಟುವವರೆಗೆ ಥ್ರಾಟಲ್ (ಎಂಜಿನ್ ಬಲದ ಹಿಡಿಕೆ) ಮುಚ್ಚಬೇಡಿ. ಇಳಿಯುವ ಡೆಕ್ ಹಡಗಿನ ದಿಕ್ಕಿಗೆ ಓರೆಯಾಗಿರುವುದರಿಂದ ಹಡಗು ಸಾಗಿದಂತೆ ಅದು ನಿಮ್ಮ ಬಲಕ್ಕೆ ಸರಿಯುತ್ತಲೇ ಇರುತ್ತದೆ, ನಡುಗೆರೆಯ ಜೊತೆಗೇ ನೀವೂ ಸರಿಯಿರಿ.

ಚಕ್ರ ತಾಗಿದೊಡನೆ ಥ್ರಾಟಲ್ ಮುಚ್ಚಿ, ಫ್ಲಾಪ್ ಎತ್ತಿ, ಸ್ಟಿಕ್ ಹಿಂದಕ್ಕೆ ಹಿಡಿದು ಬ್ರೇಕನ್ನು ಬಿಟ್ಟುಬಿಟ್ಟು ಒತ್ತಿ. ಒಮ್ಮೆಲೇ ಒತ್ತಿದರೆ ಮೂತಿ ಡೆಕ್ಕಿಗೆ ಬಡಿಯುತ್ತದೆ.