ಎತ್ತರದ ಗಿಡಗಳ ಕುಳ್ಳುತನ: ಚಳಿಯ ಪರಿಣಾಮವೇ, ಹುಟ್ಟುಗುಣವೇ?

ಪ್ರಶ್ನೆ: ಮಳೆಗಾಲದಲ್ಲಿ ಉತ್ತರಾಖಂಡದ ಹೂಕಣಿವೆ ಮತ್ತು ಹೇಮಕುಂಡ ನೋಡಿಬಂದೆವು. ಮೇಲೇರಿದಂತೆ ಗಿಡಗಳು ಗೇಣುದ್ದಕ್ಕೆ ಇಳಿದಿದ್ದವು. ಇದು ಚಳಿಗೆ ಸಿಕ್ಕಿ ಮುರುಟಿದ್ದೋ, ಅವುಗಳ ಹುಟ್ಟುಗುಣವೋ? ಗಿಡವೇ ಅಗತ್ಯಕ್ಕೆ ತಕ್ಕಂತೆ ತನ್ನ ವಂಶವಾಹಿಗಳನ್ನು ಬದಲಿಸಿಕೊಳ್ಳುತ್ತದೆಯೇ? ಅಂಥ ಗಿಡವನ್ನು ನಮ್ಮ ತೋಟದಲ್ಲಿ ಬೆಳೆಸಿದರೆ ಎತ್ತರ ಬೆಳೆದೀತೆ?
– ಕಾಫಿ ಬೆಳೆಗಾರರೊಬ್ಬರು, ಚಿಕ್ಕಮಗಳೂರು

ಉತ್ತರ: ಗಿಡವನ್ನು ನಿಂತಲ್ಲಿಯೇ ನೋಡಿ ಇದನ್ನು ನಿರ್ಧರಿಸಲಾಗದು, ಸ್ಥಳ ಬದಲಿಸಿ ಬೆಳೆಸಿಯೇ ನೋಡಬೇಕು. ಈ ಕೆಲಸವನ್ನು ಅತ್ಯಂತ ತಾಳ್ಮೆಯಿಂದ ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದುಡಿದ ಯೆನ್ಸ್ ಕ್ಲಾಸೆನ್, ಡೇವಿಡ್ ಕೆಕ್ ಮತ್ತು ವಿಲಿಯಂ ಹೀಸಿ. ಇವರು ಸ್ಟ್ಯಾನ್‌ಫರ್ಡ್‌ನಲ್ಲಿ 30 ಮೀಟರ್, ಮೇದರ್‌ನಲ್ಲಿ 1400 ಮೀಟರ್ ಹಾಗೂ ಸಿಯೆರಾ ನೆವಾಡ ಪರ್ವತದ ಟಿಂಬರ್‌ಲೈನ್‌ನಲ್ಲಿ 3050 ಮೀಟರ್ ಎತ್ತರದಲ್ಲಿ ಮೂರು ತೋಟಗಳನ್ನು ಮಾಡಿ, ಗುಲಾಬಿ ಕುಟುಂಬಕ್ಕೆ ಸೇರಿದ ಪೊಟೆಂಟಿಲಾ ಎಂಬ ಗಿಡದ ಕರಾವಳಿಯ ಮತ್ತು ಪರ್ವತದ ತಳಿಗಳನ್ನು ತಂದು, ಪ್ರತಿ ಗಿಡವನ್ನೂ ಬುಡದಿಂದ ಹೋಳು ಮಾಡಿ, ಒಂದೇ ಗಿಡದ ಭಾಗಗಳನ್ನು ಮೂರೂ ಕಡೆ ನೆಟ್ಟರು. ಹೋಳುಗಳೆಲ್ಲವೂ ಒಂದೇ ಗಿಡದವಾದ್ದರಿಂದ ವಂಶವಾಹಿಗಳಲ್ಲಿ ವ್ಯತ್ಯಾಸವಿರಲಿಲ್ಲ, ಬೇರೆಯಾಗಿದ್ದುದು ಹವೆ ಮತ್ತು ನೆಲ ಮಾತ್ರ.

1940ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಪಾಠವಾಗಿಯೇ ಉಳಿದಿದೆ. ಪ್ರತಿಯೊಂದು ಗಿಡವೂ ತೋಟದಿಂದ ತೋಟಕ್ಕೆ ಗಾತ್ರದಲ್ಲಿ ಸ್ವಲ್ಪ ಬದಲಾಯಿತು, ಆದರೆ ತನ್ನ ಮೂಲ ಸ್ವಭಾವವನ್ನು ಬಿಡಲಿಲ್ಲ. ಪರ್ವತದ ತಳಿ ಹಿತವಾದ ಸ್ಟ್ಯಾನ್‌ಫರ್ಡ್‌ನಲ್ಲಿಯೂ ಚಳಿಗಾಲ ಬಂದೊಡನೆ ಎಲೆ ಕಳೆದು ಮಲಗಿತು, ಕುಳ್ಳಾಗಿಯೇ ಉಳಿಯಿತು. ಕರಾವಳಿಯ ತಳಿಯಾದರೋ ಚಳಿಗಾಲದಲ್ಲೂ ಚಿಗುರುತ್ತಲೇ ಇದ್ದು, ಪರ್ವತದ ಮೇಲಿಟ್ಟಾಗ ಅಲ್ಲಿನ ಅಲ್ಪಾವಧಿಯ ಬೇಸಗೆಯಲ್ಲಿ ಬೀಜ ಕಟ್ಟಲಾರದೆ ಸೋತಿತು. ಮುಂದೆ ಎತ್ತರದ ಮತ್ತು ತಗ್ಗಿನ ತಳಿಗಳನ್ನು ಸಂಕರಗೊಳಿಸಿದಾಗ ಎರಡನೆಯ ಪೀಳಿಗೆಯಲ್ಲಿ ಎತ್ತರ, ಹೂ ಬಿಡುವ ಕಾಲ, ಚಳಿಗಾಲದ ನಿದ್ರೆ ಮುಂತಾದ ಗುಣಗಳು ನಾನಾ ರೀತಿಯಲ್ಲಿ ಹಂಚಿಹೋದವು. ಅಂದರೆ ಇಂಥ ಒಂದೊಂದು ಗುಣದ ಹಿಂದೆಯೂ ಹಲವು ವಂಶವಾಹಿಗಳಿವೆ. ಆದ್ದರಿಂದ ನೀವು ಕಂಡ ಕುಳ್ಳುತನದಲ್ಲಿ ಚಳಿಯ ಪಾಲೂ ಇರಬಹುದು, ಆದರೆ ಬಹುಪಾಲು ಹುಟ್ಟುಗುಣವೇ ಎಂದು ನಂಬಲು ಬಲವಾದ ಕಾರಣವಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’. ಗಿಡವು ತನ್ನ ಜೀವಿತಾವಧಿಯಲ್ಲಿ ಬಿಸಿಲು ಚಳಿಗಳಿಗೆ ಒಗ್ಗಿಕೊಳ್ಳುವುದು ಬೇರೆ, ತಳಿಯೇ ಬದಲಾಗುವುದು ಬೇರೆ. ವಂಶವಾಹಿಗಳಲ್ಲಿ ಬದಲಾವಣೆಗಳು ಯಾವ ಉದ್ದೇಶವೂ ಇಲ್ಲದೆ ಆಗುತ್ತಿರುತ್ತವೆ. ಅವುಗಳಲ್ಲಿ ಆ ಸ್ಥಳದಲ್ಲಿ ಹೆಚ್ಚು ಬೀಜ ಉಳಿಸಲು ನೆರವಾದವು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತವೆ, ಉಳಿದವು ಅಳಿಯುತ್ತವೆ.

ಎತ್ತರದಲ್ಲಿ ಚಳಿಯೊಂದೇ ಶತ್ರುವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಗಾಳಿ ತೆಳುವಾದಂತೆ ಅತಿನೇರಳೆ ಕಿರಣಗಳು ತೀವ್ರವಾಗಿ, ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತವೆ. ಆ ಬೆಸುಗೆಯನ್ನು ಬೆಳಕಿನ ನೆರವಿನಿಂದಲೇ ಬಿಡಿಸುವ ಫೋಟೊಲಯೇಸ್ ಎಂಬ ಕಿಣ್ವ ಗಿಡಗಳಲ್ಲಿದೆ. ಜೊತೆಗೆ ಎಲೆಯ ಹೊರಪದರದಲ್ಲಿ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳು ತುಂಬಿ ಕಿರಣಗಳನ್ನು ಹೀರುತ್ತವೆ. ಹಿಮಾಲಯದ ಸಾಸಿವೆ ಕುಟುಂಬದ ಪುಟ್ಟ ಗಿಡ ಕ್ರೂಸಿಹಿಮಾಲಯ ಹಿಮಾಲೈಕದ ಸಂಪೂರ್ಣ ಜೀನೋಮ್ (ವಂಶವಾಹಿ ಸಮುಚ್ಚಯ) 2019ರಲ್ಲಿ ಪ್ರಕಟವಾದಾಗ, ಡಿಎನ್‌ಎ ದುರಸ್ತಿಗೆ ಸಂಬಂಧಿಸಿದ ವಂಶವಾಹಿಗಳು ಅದರಲ್ಲಿ ಹೆಚ್ಚಿರುವುದು ಕಂಡುಬಂತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದು ಕಳೆದುಕೊಂಡಿರುವುದು. ರೋಗಾಣುಗಳು ವಿರಳವಾದ ಆ ಎತ್ತರದಲ್ಲಿ ರೋಗನಿರೋಧಕ ವಂಶವಾಹಿಗಳ ಸಂಖ್ಯೆ ಕುಗ್ಗಿದೆ, ಸ್ವಂತ ಪರಾಗವನ್ನು ತಿರಸ್ಕರಿಸುವ ವ್ಯವಸ್ಥೆಯೂ ಕೆಟ್ಟಿದೆ. ಪರಾಗ ತರುವ ಕೀಟಗಳು ಅಪರೂಪವಾದ ನೆಲೆಯಲ್ಲಿ ತನ್ನ ಪರಾಗದಿಂದಲೇ ಬೀಜ ಕಟ್ಟಬಲ್ಲ ಗಿಡಕ್ಕೆ ಅದು ನಷ್ಟವಲ್ಲ.

ಕೀಟಗಳನ್ನೇ ನೆಚ್ಚಿಕೊಂಡ ಗಿಡಗಳೂ ಇವೆ. ಬ್ರಹ್ಮಕಮಲದ ಸಮೀಪದ ಬಂಧುವಾದ ಸಾಸೂರಿಯಾ ಗಾಸಿಪಿಫೊರಾ ಅಡಿಯಿಂದ ಮುಡಿಯವರೆಗೆ ಬಿಳಿಯ ಉಣ್ಣೆಯಂಥ ರೋಮದಿಂದ ಮುಚ್ಚಿರುತ್ತದೆ. ಒಳಗಿರುವ ನೇರಳೆ ಹೂಗೊಂಚಲು ಬಿಸಿಲಿನಲ್ಲಿ ಬೆಚ್ಚಗೂ ಮಳೆಯಲ್ಲಿ ಒಣಗಿಯೂ ಇರುತ್ತದೆ, ತುದಿಯಲ್ಲಿರುವ ಸಣ್ಣ ರಂಧ್ರ ದುಂಬಿಗೆ ದಾರಿ. (ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಅಮೆರಿಕ ಖಂಡದಿಂದ ಬಂದ ಕಳ್ಳಿಜಾತಿ, ಹಿಮಾಲಯದ ಗಿಡಕ್ಕೂ ಅದಕ್ಕೂ ನಂಟಿಲ್ಲ.)

ಹೊಸ ಗುಣವನ್ನು ಬಂಧುವಿನಿಂದ ಪಡೆಯುವ ದಾರಿಯೂ ಉಂಟು. ಇದಕ್ಕೆ ಸ್ಪಷ್ಟ ಉದಾಹರಣೆ ನಮ್ಮ ಹಾವೇರಿ, ದಾವಣಗೆರೆ ರೈತರು ಬೆಳೆಯುವ ಮೆಕ್ಕೆಜೋಳವೇ. ಸುಮಾರು 9000 ವರ್ಷಗಳ ಹಿಂದೆ ಮೆಕ್ಸಿಕೊದ ಬಿಸಿಯಾದ ತಗ್ಗು ಪ್ರದೇಶದಲ್ಲಿ ಪಳಗಿದ ಈ ಬೆಳೆ 2000 ಮೀಟರ್ ಮೀರಿದ ಪ್ರಸ್ಥಭೂಮಿಗೆ ಹತ್ತಿದಾಗ, ಅಲ್ಲಿ ಮೊದಲೇ ನೆಲೆಸಿದ್ದ ಮೆಕ್ಸಿಕಾನ ಎಂಬ ಕಾಡುಜೋಳದೊಡನೆ ಸಂಕರವಾಯಿತು. ಇಂದು ಆ ಪ್ರಸ್ಥಭೂಮಿಯ ಜೋಳದ ದಂಟನ್ನು ಸುತ್ತಿದ ಎಲೆಯ ಬುಡ ಕಡುಗೆಂಪಾಗಿ ಒರಟು ರೋಮಗಳಿಂದ ಕೂಡಿರುವುದಕ್ಕೆ ಆ ಬಂಧುವೇ ಮೂಲವೆಂದು ವಂಶವಾಹಿಗಳ ಅಧ್ಯಯನಗಳು ತೋರಿಸುತ್ತವೆ. ನಾಲ್ಕನೆಯ ವರ್ಣತಂತುವಿನಲ್ಲಿ ಒಂದು ದೊಡ್ಡ ತುಣುಕು ತಲೆಕೆಳಗಾಗಿ ಕೂಡಿಕೊಂಡಿದೆ. ಹಾಗೆ ತಿರುಗಿದ ತುಣುಕು ಸಾಮಾನ್ಯ ತುಣುಕಿನೊಡನೆ ಭಾಗಗಳನ್ನು ಬದಲಾಯಿಸಿಕೊಳ್ಳುವುದು ಕಷ್ಟವಾದ್ದರಿಂದ, ಅದರೊಳಗಿನ ವಂಶವಾಹಿಗಳು ಒಟ್ಟಾಗಿಯೇ ಮಕ್ಕಳಿಗೆ ಸಾಗುತ್ತವೆ. ಎಚ್‌ಪಿಸಿ1 ಎಂಬ ಇನ್ನೊಂದು ವಂಶವಾಹಿಯ ಪರ್ವತ ರೂಪ, ಜೀವಕೋಶದ ಪೊರೆಯ ಕೊಬ್ಬಿನ ಪ್ರಮಾಣವನ್ನು ಬದಲಿಸಿ, ತಂಪು ಎತ್ತರದಲ್ಲಿ ಬೇಗ ಹೂ ಬರಲು ನೆರವಾಗುತ್ತದೆ. ಬೆಳೆಗಾರರಾದ ನಿಮಗೆ ಇದರ ಬೆಲೆ ಹೇಳಬೇಕಿಲ್ಲ: ಹಿಮ ಬೀಳುವುದರೊಳಗೆ ಕಾಳು ಬಲಿಯದಿದ್ದರೆ ಉಳಿದ ಯಾವ ಗುಣವಿದ್ದೂ ಪ್ರಯೋಜನವಿಲ್ಲ.

ಇನ್ನು ನಿಮ್ಮ ತೋಟದ ಮಾತು. ಹೂಕಣಿವೆ ರಾಷ್ಟ್ರೀಯ ಉದ್ಯಾನವಾದ್ದರಿಂದ ಅಲ್ಲಿಂದ ಗಿಡವನ್ನಾಗಲಿ ಬೀಜವನ್ನಾಗಲಿ ತರುವುದು ಕಾನೂನಿಗೆ ವಿರುದ್ಧ, ದಯವಿಟ್ಟು ತರಬೇಡಿ. ತಂದರೂ ಅದು ಎತ್ತರ ಬೆಳೆಯುವುದಕ್ಕಿಂತ ಸೊರಗುವ ಸಾಧ್ಯತೆಯೇ ಹೆಚ್ಚು; ಬೆಚ್ಚನೆಯ ರಾತ್ರಿಗಳಲ್ಲಿ ಉಸಿರಾಟ ಹೆಚ್ಚಿ ಹಗಲಿನ ಗಳಿಕೆ ಕರಗುತ್ತದೆ, ನಿದ್ರೆಗೆ ಬೇಕಾದ ಚಳಿಗಾಲವೂ ಸಿಗುವುದಿಲ್ಲ. ಕುತೂಹಲ ತಣಿಯಬೇಕಾದರೆ ನಿಮ್ಮ ಸುತ್ತಲೇ ಪ್ರಯೋಗ ಮಾಡಬಹುದು. ಗುಡ್ಡದ ಮೇಲಿನ ಮತ್ತು ಕೆಳಗಿನ ತೋಟಗಳ ಬದುವಿನಲ್ಲಿ ಬೆಳೆಯುವ ಒಂದೇ ಜಾತಿಯ ಹುಲ್ಲಿನ ಬೀಜಗಳನ್ನು ಹಲವು ಗಿಡಗಳಿಂದ ಆರಿಸಿ, ಒಂದೇ ಮಣ್ಣು ತುಂಬಿದ ಕುಂಡಗಳಲ್ಲಿ ಅಕ್ಕಪಕ್ಕ ಬೆಳೆಸಿ. ಮೊದಲ ಬೆಳೆಯಲ್ಲಿ ಕಂಡ ವ್ಯತ್ಯಾಸವನ್ನು ನೆಚ್ಚಬೇಡಿ, ಏಕೆಂದರೆ ತಾಯಿಗಿಡದ ಪೋಷಣೆಯ ಪ್ರಭಾವ ಬೀಜದಲ್ಲಿರುತ್ತದೆ. ಆ ಗಿಡಗಳು ಕಟ್ಟಿದ ಬೀಜವನ್ನು ಮತ್ತೆ ಬಿತ್ತಿ, ಎರಡನೆಯ ಬೆಳೆಯ ಎತ್ತರವನ್ನೂ ಹೂ ಬಂದ ದಿನವನ್ನೂ ಬರೆದಿಡಿ. ಆಗಲೂ ಉಳಿಯುವ ವ್ಯತ್ಯಾಸ ಹುಟ್ಟಿನದು.